ಲಿಫ್ಟ್ ಕೋಣೆಯ ಪ್ರತಿ

ವಯಸ್ಸು 54 ವರ್ಷ. ವೃತ್ತಿ: ವಾದ್ಯವೃಂದದಲ್ಲಿ ಸಂಗೀತದ ಪ್ರತಿಗಳ, ಅಂದರೆ ಸ್ವರ ಬರೆದ ಹಾಳೆಗಳ, ಉಸ್ತುವಾರಿ. ವಾಸ: ಸಭಾಂಗಣದ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಕೆಲಸದ ಜಾಗದಲ್ಲಿ ಎಲ್ಲರೂ ನನ್ನನ್ನು ಕಾಗದದಣ್ಣ ಎಂದು ಕರೆಯುತ್ತಾರೆ. ಈ ದಿನ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ, ಯಾರೂ ಹೇಳಿ ಕಳಿಸದೆ, ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಿನ್ನೆ ಸಂಜೆ ಇದೇ ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆ ಅರ್ಧ ಮಾತ್ರ. ಉಳಿದರ್ಧ ಇದು.

ನಮ್ಮ ವಾದ್ಯವೃಂದದಲ್ಲಿ ಅರವತ್ತಮೂರು ಜನ ಇದ್ದಾರೆ. ಈ ತಿಂಗಳು ನಾಲ್ಕು ಜನರ ಒಂದು ಹೆವಿ ಮೆಟಲ್ ತಂಡದ ಜೊತೆ ಸೇರಿ ಕಾರ್ಯಕ್ರಮ ಕೊಡುವುದೆಂದು ಆಡಳಿತದವರು ನಿರ್ಧರಿಸಿದರು. ನಮಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮೊದಲ ದಿನವೇ ನಮ್ಮ ಕೊಳಲಿನವರು ಕಿವಿಗೆ ಹತ್ತಿ ತುರುಕಿಕೊಂಡು ಕುಳಿತರು. ನನಗೂ ಆ ಗಲಾಟೆ ಹಿಡಿಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಬಳಿ ಒಂದು ಚೂರು ಕಾಗದವೂ ಇಲ್ಲವಲ್ಲ ಎಂದು ನನಗೆ ಸಿಟ್ಟಿತ್ತು. ಏನಾದರೂ ಬದಲಾಯಿಸಬೇಕಾದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟೇ. ನಮ್ಮಲ್ಲಿ ಕಾಗದದ ಮೇಲೆ ಬರೆಯದಿದ್ದರೆ ಬದಲಾವಣೆ ಆಗಿಯೇ ಇಲ್ಲ.

ಈ ಕೂಟದಿಂದ ಖುಷಿಪಟ್ಟವರು ನಮ್ಮಲ್ಲಿ ಒಬ್ಬರೇ, ಆಳೆತ್ತರದ ದೊಡ್ಡ ಪಿಟೀಲನ್ನು ನಿಂತು ನುಡಿಸುವ, ನಾವೆಲ್ಲ ತಾತ ಎಂದು ಕರೆಯುವವರು. ವಯಸ್ಸು 61. ಅವರು ಎದುರು ಬಂದು ಗಿಟಾರಿನವನ ಪಕ್ಕ ನಿಂತು ನುಡಿಸಬೇಕೆಂದು ಆ ತಂಡದವರೇ ಕೇಳಿದ್ದರು. ಮೂವತ್ತನಾಲ್ಕು ವರ್ಷ ಹಿಂದಿನ ಸಾಲಲ್ಲೇ ನಿಂತಿದೀನಿ ಕಣಯ್ಯ, ಕೊನೆಗೆ ಈ ಉದ್ದಕೂದಲಿನವರು ಮುಂದಕ್ಕೆ ಕರೀಬೇಕಾಯ್ತು ನೋಡು, ಎಂದು ತಾತ ನನಗೆ ಮೂರು ಸಲವಾದರೂ ಹೇಳಿದ್ದರು. ಮಗಳಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದಿಟ್ಟಿದ್ದರು.

ವೇದಿಕೆಯ ಮುಂಭಾಗದ ನಾಲ್ಕು ಮೀಟರ್ ಅಗಲದ ಹಲಗೆ ಒಂದು ಲಿಫ್ಟ್. ಗುಂಡಿ ಒತ್ತಿದರೆ 6.8 ಮೀಟರ್ ಕೆಳಗೆ ಇಳಿಯುತ್ತದೆ. ಅದನ್ನು ನಡೆಸುವವನು ನನ್ನ ತಂಗಿಯ ಗಂಡ. ನಾನು ಅವನನ್ನು ಭಾವ ಎನ್ನುತ್ತೇನೆ, ಅವನೂ ನನ್ನನ್ನು ಭಾವ ಎನ್ನುತ್ತಾನೆ. ಮದುವೆಗೆ ಮುಂಚಿನಿಂದಲೂ ಸ್ನೇಹಿತರಾದ್ದರಿಂದ ನಮ್ಮಲ್ಲಿ ಹೋಗೋ ಬಾರೋ ಸಲಿಗೆ. ಅವನು ಕೂರುವ ಕೋಣೆ ವೇದಿಕೆಯ ಅಡಿಯಲ್ಲಿ, ನಲವತ್ತೊಂದು ಮೆಟ್ಟಿಲು ಕೆಳಗಿದೆ. ಮೇಲಿನದು ಅವನಿಗೆ ಒಂದು ಸಣ್ಣ ಪರದೆಯಲ್ಲಿ ಕಾಣುತ್ತದೆ, ಈ ಕಾರ್ಯಕ್ರಮದಲ್ಲಿ ಹೊಗೆ ಬಿಡುವುದರಿಂದ ಅದೂ ಕಾಣುವುದಿಲ್ಲ. ಹಳೆಯ ಸಂಗೀತಕ್ಕೆ ಅವನಿಗೆ ಕಾಗದವೇ ಬೇಕಿರಲಿಲ್ಲ, ರಾಗ ಕೇಳಿಯೇ ಗುಂಡಿ ಒತ್ತುತ್ತಿದ್ದ. ಇದರಲ್ಲಿ ಎಲ್ಲಾ ಒಂದೇ ಥರ ಕೇಳ್ಸುತ್ತೆ ಭಾವ, ಎಣಿಸ್ಕೊಂಡು ಕೂರೋದೊಂದೇ ದಾರಿ, ನೀನು ಬರೆದಿದ್ದೇ ನನಗೆ ಆಧಾರ, ಎಂದು ಸೋಮವಾರ ನನಗೆ ಹೇಳಿದ್ದ.

ಸಂಗೀತದ ಪ್ರತಿಯಲ್ಲಿ ಗೆರೆ ಎಳೆದು ಮಾಡಿದ ಒಂದೊಂದು ಅಂಕಣವನ್ನು ನಾವು ಮನೆ ಎನ್ನುತ್ತೇವೆ. ಈ ಸಂಗೀತದಲ್ಲಿ ಒಂದು ಮನೆಗೆ ಎರಡು ಸೆಕೆಂಡ್. ತಾತ 192ನೇ ಮನೆಗೆ ಹಿಂದಿನಿಂದ ಹೊರಟು ಲಿಫ್ಟ್ ಹಲಗೆಯ ಮೇಲೆ ಬಂದು ನುಡಿಸಬೇಕು. 212ಕ್ಕೆ ವಾಪಸ್ ಹೋಗಬೇಕು. ಖಾಲಿಯಾದ ಹಲಗೆ 216ನೇ ಮನೆಗೆ ಇಳಿದು ಕೆಳಗಿನಿಂದ ದೊಡ್ಡ ಜಾಗಟೆಯನ್ನು ಮೇಲೆ ತರಬೇಕು.

ನಿನ್ನೆ ತಾಲೀಮಿನಲ್ಲಿ, ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಮೆಟಲ್ ತಂಡದ ಡ್ರಮ್ ಬಾರಿಸುವವನು, ಎಲ್ಲರೂ ಗುಡುಗು ಎಂದು ಕರೆಯುವವನು, 161ರಿಂದ 184ರವರೆಗಿನ ಇಪ್ಪತ್ತನಾಲ್ಕು ಮನೆಗಳನ್ನು ಎರಡು ಸಲ ನುಡಿಸೋಣ ಎಂದನು. ಮುಂದೆ ನಿಂತು ಕೈಸನ್ನೆಯಲ್ಲಿ ವಾದ್ಯವೃಂದ ನಡೆಸುವ ನಿರ್ದೇಶಕರು ಒಪ್ಪಿ, ಎಲ್ಲ ಪ್ರತಿಗಳಲ್ಲೂ ಗುರುತು ಹಾಕಲು ನನಗೆ ಹೇಳಿ, ವಿರಾಮ ಕೊಟ್ಟರು. ನಾನು 2 ಗಂಟೆ 30 ನಿಮಿಷದಿಂದ ಸಾಲಾಗಿ ಎಲ್ಲರ ಸ್ಟ್ಯಾಂಡಿಗೂ ಹೋಗಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅರವತ್ತಮೂರು ಪ್ರತಿ ಮುಗಿದಾಗ 3 ಗಂಟೆ 24 ನಿಮಿಷ. ಉಳಿದದ್ದು ಲಿಫ್ಟ್ ಕೋಣೆಯ ಪ್ರತಿ ಒಂದೇ.

ನನ್ನ ಬಲ ಮಂಡಿ ನೋಯುತ್ತಿತ್ತು. ಗುಡುಗು ನನಗೆ ಕುರ್ಚಿ ಎಳೆದು ಕೊಟ್ಟು, ಕೂತ್ಕೊಳಿ ಸರ್, ನಿಮ್ಮನ್ನ ನೋಡಿದ್ರೆ ನಂಗೇ ಸುಸ್ತಾಗ್ತಿದೆ, ಎಂದು ಒಂದು ಲೋಟ ಚಹಾ ಕೊಟ್ಟನು. ಕುಡಿದು ಇಳಿಯೋಣ ಎಂದುಕೊಂಡೆ. 3 ಗಂಟೆ 30 ನಿಮಿಷಕ್ಕೆ ನಿರ್ದೇಶಕರು ಕೈ ಎತ್ತಿದರು, ಸಂಗೀತ ಶುರುವಾಯಿತು. ನಾನು ಏಳಲಿಲ್ಲ.

ಏಳದಿರಲು ಕಾರಣವನ್ನೂ ಬರೆದುಕೊಳ್ಳಬೇಕು. ಇಪ್ಪತ್ತೇಳು ವರ್ಷದಲ್ಲಿ ನಮ್ಮ ವಾದ್ಯವೃಂದದ ತಾಲೀಮು ಒಂದು ಸಲವೂ ನಿಲ್ಲದೆ ನಲವತ್ತು ಮನೆ ದಾಟಿದ್ದನ್ನು ನಾನು ಕಂಡಿಲ್ಲ. ಯಾರೋ ತಪ್ಪುತ್ತಾರೆ, ನಿರ್ದೇಶಕರು ನಿಲ್ಲಿಸುತ್ತಾರೆ, ಬೈಯುತ್ತಾರೆ, ಮತ್ತೆ ಶುರುವಾಗುತ್ತದೆ. 161 ಬರುವುದರೊಳಗೆ ನಾಲ್ಕು ಸಲ ನಿಲ್ಲುತ್ತದೆ, ಆಗ ಇಳಿದರಾಯಿತು ಎಂದು ಕುಳಿತೆ. ಆದರೆ ಆ ತಂಡದವರು ತಪ್ಪಿದರೂ ನಿಲ್ಲುವವರಲ್ಲ, ಶುರು ಮಾಡಿದರೆ ಕೊನೆ ಮುಟ್ಟಿಯೇ ಬಿಡುವವರು. ಅವರ ಪದ್ಧತಿಯಂತೆ ನಿಲ್ಲಿಸದೆ ನುಡಿಸೋಣ ಎಂದು ವಿರಾಮದಲ್ಲಿ ನಿರ್ದೇಶಕರು ಒಪ್ಪಿಕೊಂಡಿದ್ದರಂತೆ. ಅದು ನನಗೆ ತಿಳಿದದ್ದು ಆಮೇಲೆ.

161 ಬಂತು, ನಿಲ್ಲಲಿಲ್ಲ. 184 ಮುಗಿದು ಎರಡನೇ ಸಲ 161 ಶುರುವಾದಾಗ ನಾನು ಲೋಟ ಕೆಳಗಿಟ್ಟು ಎದ್ದೆ. ಕೆಳಗೆ ಭಾವ ಅದನ್ನು 185 ಎಂದು ಎಣಿಸುತ್ತಿದ್ದ. ಅವನ 216 ಎಂದರೆ ಮೇಲಿನವರ 192. ತಾತ ಹೊರಡುವ ಮನೆ.

ಆಗ ನನ್ನ ಬಳಿ ಒಂದು ನಿಮಿಷ ಇತ್ತು. ನಿರ್ದೇಶಕರ ಮುಂದೆ ಹೋಗಿ ಕೈ ಬೀಸಿದ್ದರೆ ಸಾಕಿತ್ತು. ಎಲ್ಲರೆದುರು ಮಾನ ಹೋಗುತ್ತದೆ ಎಂದು ನಾಚಿ, ಸದ್ದಿಲ್ಲದೆ ಸರಿಪಡಿಸೋಣ ಎಂದು ಮೆಟ್ಟಿಲ ಕಡೆ ಓಡಿದೆ. ಹತ್ತೊಂಬತ್ತನೇ ಮೆಟ್ಟಿಲಲ್ಲಿದ್ದಾಗ ಕೈಹಿಡಿ ಕಂಬಿ ನಡುಗಿತು. ಅದರಿಂದ ಮೋಟಾರ್ ಶುರುವಾದದ್ದು ತಿಳಿಯಿತು. ಹಲಗೆ ಇಳಿಯುವ ಮುಂಚೆ ಎಚ್ಚರಿಕೆಯ ಗಂಟೆ ಮೂರು ಸಲ ಹೊಡೆಯುತ್ತದೆ. ಆ ಗಂಟೆ ಮೆಟ್ಟಿಲ ತಿರುವಿನಲ್ಲೇ, ನನ್ನಿಂದ ನಾಲ್ಕು ಮೀಟರ್ ದೂರದಲ್ಲಿತ್ತು. ನನಗೇ ಕೇಳಿಸಲಿಲ್ಲ. ಮೇಲಿದ್ದವರಿಗೆ ಎಲ್ಲಿಂದ ಕೇಳಿಸಬೇಕು.

ತಾತ ಬಿದ್ದದ್ದನ್ನು ನಾನು ನೋಡಲಿಲ್ಲ. ಗಿಟಾರಿನವನು ತಲೆ ಬಗ್ಗಿಸಿ ಕೂದಲು ಬೀಸುತ್ತಿದ್ದರಿಂದ ಅವನೂ ನೋಡಲಿಲ್ಲವೆಂದು ಹೇಳುತ್ತಾನೆ. ದೊಡ್ಡ ಪಿಟೀಲು ಒಡೆದ ಸದ್ದು ಮಾತ್ರ ಕೇಳಿಸಿತು. ಅದರ ನಂತರವೂ ಮೇಲೆ ಸಂಗೀತ ಹನ್ನೊಂದು ಮನೆ ನಡೆಯಿತು. ಬೇಡವೆಂದರೂ ಎಣಿಸಿದೆ.

ನಾನು ಕೆಳಗೆ ಬಂದಾಗ ಭಾವ ಮೋಟಾರ್ ನಿಲ್ಲಿಸಿ, ಕೋಣೆ ಬಿಟ್ಟು ಓಡಿ, ತಾತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಕೋಣೆ ಖಾಲಿ ಇತ್ತು. ಅವನ ಪ್ರತಿ ಸ್ಟ್ಯಾಂಡಿನ ಮೇಲೆ ತೆರೆದಿತ್ತು. ನಾನು ಒಳಗೆ ಹೋಗಿ ಜೇಬಿನ ಪೆನ್ಸಿಲ್ ತೆಗೆದು, ಎರಡು ಪುಟ ಹಿಂದೆ ತಿರುವಿ, 161ರ ಮೇಲೂ 184ರ ಮೇಲೂ ಗುರುತು ಹಾಕಿ, ಎರಡು ಸಲ ಎಂದು ಬರೆದು ಸುತ್ತ ಗೆರೆ ಎಳೆದೆ. ಉಳಿದ ಅರವತ್ತಮೂರರಲ್ಲಿ ಹೇಗಿದೆಯೋ ಹಾಗೆಯೇ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆರು ಮೀಟರ್ ದೂರದಲ್ಲಿ ಭಾವ, ತಾತ ಕಣ್ಣು ಬಿಡಿ, ತಾತ ಇಲ್ಲಿ ನೋಡಿ, ಎಂದು ಕೂಗುತ್ತಿದ್ದ. ನನ್ನ ಕೈ ನಡುಗಲಿಲ್ಲ. ಹೇಳಲು ಅಸಹ್ಯವಾಗುತ್ತದೆ, ಆದರೂ ನಡುಗಲಿಲ್ಲ.

ತಾತ ಆಸ್ಪತ್ರೆಯಲ್ಲಿ ಸಂಜೆ 5 ಗಂಟೆ 5 ನಿಮಿಷಕ್ಕೆ ತೀರಿಕೊಂಡರು.

ಸಂಜೆ 6 ಗಂಟೆ 30 ನಿಮಿಷಕ್ಕೆ ಇದೇ ಮೇಜಿನ ಮೇಲೆ ಆ ಪ್ರತಿ ಇಟ್ಟು, ಬರಹ ನಿಮ್ಮದೇನಾ ಎಂದು ಸಾಹೇಬರು ನನ್ನನ್ನು ಕೇಳಿದರು. ನನ್ನದೇ ಎಂದೆ. ಅದು ಸುಳ್ಳಲ್ಲ. ಯಾವಾಗ ಬರೆದದ್ದು ಎಂದು ಯಾರೂ ಕೇಳಲಿಲ್ಲ. ನಂತರ ಭಾವನಿಗೆ ತೋರಿಸಿದರು. ಅವನು ಪುಟವನ್ನು ಬಹಳ ಹೊತ್ತು ನೋಡಿದ. ಆ ಗುರುತು ಅಲ್ಲಿರಲಿಲ್ಲ ಎಂದು ಅವನು ಹೇಳುತ್ತಾನೆಂದೇ ನಾನು ಕಾದಿದ್ದೆ, ಹೇಳಿದರೆ ಏನು ಉತ್ತರ ಕೊಡಬೇಕೆಂದೂ ಯೋಚಿಸಿಟ್ಟಿದ್ದೆ. ಅವನು, ನಮ್ಮ ಭಾವ ಬರೆದಿದಾನೆ ಅಂದ್ರೆ ಮೊದಲೇ ಇತ್ತು ಸರ್, ನಾನೇ ಕಣ್ಣು ಹಾಯಿಸಿಲ್ಲ, ತಪ್ಪು ನಂದೇ, ಎಂದು ಹೇಳಿ ಸಹಿ ಮಾಡಿದ. ಅವನನ್ನು ಒಳಗೆ ಕರೆದುಕೊಂಡು ಹೋದರು. ನಾನು ಮನೆಗೆ ಹೋಗಿ ಊಟ ಮಾಡಿದೆ.

ಈ ದಿನ ಬೆಳಿಗ್ಗೆ 7 ಗಂಟೆ 15 ನಿಮಿಷಕ್ಕೆ ನನ್ನ ತಂಗಿ ಠಾಣೆಯಿಂದ ನೇರವಾಗಿ ನನ್ನ ಮನೆಗೆ ಬಂದಳು. ಗಂಡ ವಕೀಲರೇ ಬೇಡವೆಂದು ಹಟ ಹಿಡಿದಿದ್ದಾನೆಂದಳು. ನನ್ನ ಮೇಲೆ ಕೂಗಾಡಲು ಬಂದಿದ್ದಾಳೆಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡು, ಅಣ್ಣ, ನೀನು ಅವರ ಮೇಲೆ ಬೇಜಾರು ಮಾಡ್ಕೋಬಾರ್ದಂತೆ, ನೀನು ಅಷ್ಟು ಜೋಪಾನವಾಗಿ ಬರೆದಿಟ್ಟಿದ್ದನ್ನ ನೋಡ್ದೆ ನಿನ್ನ ಹೆಸರು ಕೆಡಿಸಿಬಿಟ್ಟೆ ಅಂತ ಕ್ಷಮೆ ಕೇಳು ಅಂದ್ರು, ಎಂದಳು.

ಅವಳನ್ನು ಕೂರಿಸಿ, ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ಇಳಿದೆ. 1.8 ಕಿಲೋಮೀಟರ್ ದೂರವನ್ನು ನಡೆದುಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ನಿಂತು ವಾಪಸ್ ತಿರುಗಿದೆ, ಅದಕ್ಕೇ ಇಷ್ಟು ಹೊತ್ತಾಯಿತು. ನನ್ನ ತಂಗಿ ಈಗಲೂ ನನ್ನ ಮನೆಯಲ್ಲಿ ಕಾಯುತ್ತಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ.

ಭಾವನನ್ನು ನೋಡಬೇಕೆಂದು ಕೇಳಿದೆ. ಈಗ ಆಗುವುದಿಲ್ಲವೆಂದು ಸಾಹೇಬರು ತಿಳಿಸಿದರು. ಹಾಗಾದರೆ ಈ ಹೇಳಿಕೆಯನ್ನು ಅವನಿಗೆ ಓದಿ ಹೇಳುವಾಗ ಮುಂದಿನ ಮಾತನ್ನು ಬಿಡದೆ ಓದಬೇಕೆಂದು ಕೋರುತ್ತೇನೆ. ನೀನು ಸರಿಯಾಗೇ ಎಣಿಸಿದ್ದೆ ಕಣೋ.

ಮೇಲೆ ಬರೆದಿರುವುದು ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ, ಓದಿ ಹೇಳಿದ್ದನ್ನು ಕೇಳಿ ನಿಜವೆಂದು ಒಪ್ಪಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಕೊಠಡಿ
ದಿನಾಂಕ: 14ನೇ ತಾರೀಖು, ಗುರುವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ
ಹೇಳಿಕೆ ಕೊಟ್ಟವನ ಸಹಿ