ಜನವರಿ ಇಪ್ಪತ್ತಾರರ ರಜೆ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ಇಂಡಿ ಪೇಟೆಯ ಹಿರಿಯ ವ್ಯಾಪಾರಿಗಳಾದ ಬಾಬುಲಾಲ ಶೇಠರೇ. ನಮ್ಮ ದಾಲ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಯಂತ್ರ ನಡೆಸಿ ಇವತ್ತು ನಿವೃತ್ತರಾಗುತ್ತಿರುವ ಅಮಸಿದ್ದ ಮಿಸ್ತ್ರಿಯವರೇ. ಅವರ ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದು ಕುಳಿತಿರುವ ಅವರ ಮನೆಯವರಾದ ಹುಚ್ಚವ್ವನವರೇ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದಿರುವ ಮಿಲ್ ಮಾಲಕ ಮಿತ್ರರೇ. ನಮ್ಮ ಕೆಲಸಗಾರ ಬಂಧುಗಳೇ, ತಾಯಂದಿರೇ, ಸಭಿಕರೇ.

ಮೈಕು ಹಿಡಿದು ಕಾರ್ಯಕ್ರಮ ನಡೆಸುತ್ತಿರುವ ನನ್ನ ಮಗಳು ವಿದ್ಯಾವತಿ ನನಗೆ ಹತ್ತು ನಿಮಿಷ ಕೊಟ್ಟಿದ್ದಾಳೆ. ಎರಡು ವರ್ಷದಿಂದ ಮಿಲ್ಲಿನ ಯಜಮಾನಿಕೆ ಅವಳದೇ. ಹೊಸ ವರ್ಷ ಬಂತೆಂದರೆ ರಜೆಗಳ ಪಟ್ಟಿಯನ್ನು ಟೈಪು ಮಾಡಿಸಿ ಗೇಟಿಗೆ ಅಂಟಿಸುತ್ತಾಳೆ. ನನ್ನ ಕಾಲದಲ್ಲಿ ಆ ಪಟ್ಟಿ ನನ್ನ ತಲೆಯೊಳಗೆ ಇರುತ್ತಿತ್ತು. ತಲೆಯೊಳಗಿನ ಪಟ್ಟಿಗೆ ಒಂದು ಅನುಕೂಲವಿದೆ: ಬೇಕಾದಾಗ ಅಳಿಸಬಹುದು. ಮಾಲಕ ಮಿತ್ರರು ನಗುತ್ತಿದ್ದೀರಿ. ನಿಮಗೂ ಗೊತ್ತಿದೆ.

ರಜೆ ಎಂದರೆ ಮಾಲಕನಿಗೆ ಏನು? ನಿಂತ ಯಂತ್ರ, ಅಂಗಳದಲ್ಲಿ ಬಿದ್ದ ತೊಗರಿ, ಪುಣೆಯ ಖರೀದಿದಾರರಿಂದ ಬರುವ ಫೋನು. ಕೆಲಸಗಾರನಿಗೆ ಏನು? ಇದು ನನಗೆ ಬಹಳ ವರ್ಷ ತಿಳಿದಿರಲಿಲ್ಲ. ರಜೆಯ ದಿನವೂ ನಾನು ಮಿಲ್ಲಿನ ಆಫೀಸಿನ ಬಾಗಿಲು ತೆಗೆದು ಒಬ್ಬನೇ ಕೂಡುತ್ತಿದ್ದೆ. ಮನೆಯಲ್ಲಿ ಏನು ಮಾಡಬೇಕೆಂಬುದು ನನಗೆ ಗೊತ್ತಾಗುತ್ತಿರಲಿಲ್ಲ. ಅಮಸಿದ್ದನಿಗೆ ಗೊತ್ತಾಗುತ್ತಿತ್ತು. ಕ್ಷಮಿಸಿ, ಇವತ್ತು ಬಹುವಚನದಲ್ಲಿ ಮಾತಾಡಬೇಕೆಂದುಕೊಂಡು ಬಂದಿದ್ದೆ, ನಾಲಿಗೆ ಕೇಳುತ್ತಿಲ್ಲ.

ರಜೆಯ ದಿನ ಕೆಲಸ ಮಾಡಿದರೆ ಡಬಲ್ ಪಗಾರ. ಉಳಿದವರು ಕೇಳಿ ಕೇಳಿ ಬರುತ್ತಿದ್ದರು. ಈತ ಮಾತ್ರ, “ಬ್ಯಾಡ್ರಿ ಸಾಹುಕಾರ್ರ, ನಾಳೆ ನನಗ ಕೆಲಸ ಐತ್ರಿ” ಅನ್ನುತ್ತಿದ್ದ. ಏನು ಕೆಲಸ? ಸಾಲೋಟಗಿ ದಾರಿಯಲ್ಲಿ ಎರಡು ಎಕರೆ ಹೊಲ, ಒಂದು ಬಾವಿ. ಆ ಬಾವಿಯಲ್ಲಿ ಓಣಿಯ ಮಕ್ಕಳಿಗೆಲ್ಲ ಈಸು ಕಲಿಸುವುದು. ಅದು ಕೆಲಸವೇ?

ವಿದ್ಯಾ ಆಗ ನಾಲ್ಕನೇ ಇಯತ್ತೆ. ಅವರವ್ವ ಅವಳನ್ನೂ ಕಳಿಸತೊಡಗಿದಳು. ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿ ನೀರಿಗೆ ಇಳಿಸುತ್ತಾನೆ, ಹುಚ್ಚವ್ವ ದಂಡೆಯ ಮೇಲೆ ಕೂತು ರೊಟ್ಟಿ, ಶೇಂಗಾಹಿಂಡಿ ತಿನ್ನಿಸುತ್ತಾಳೆ ಎಂದು ಮಗಳು ಬಂದು ಹೇಳುತ್ತಿದ್ದಳು. ಒಳ್ಳೆಯದೇ ಅಲ್ಲವೇ? ನಾನೂ ಒಳ್ಳೆಯದೇ ಅಂದೆ. ಆದರೆ ದಿನ ಹೋದಂತೆ ಅಮಸಿದ್ದ ಅವಳಿಗೆ ಕಾಕಾ ಆದ; ಊಟಕ್ಕೆ ಕೂತರೆ “ಕಾಕಾ ಹಿಂಗಂದ”, ಮಲಗುವಾಗ “ಕಾಕಾ ಹಂಗಂದ”. ನನಗೆ ಈಸು ಬರುವುದಿಲ್ಲ. ಒಂದು ದಿನ ಅವಳು ಕೇಳಿದಳು, “ಅಪ್ಪಾ, ನಿನಗ ಏನ್ ಬರ್ತೈತಿ?” ಮಕ್ಕಳು ಕೇಳುವ ಮಾತು ಅದು.

ಆ ವರ್ಷ ಸಾಲಿಯಲ್ಲಿ ‘ನನ್ನ ಮೆಚ್ಚಿನ ದಿನ’ ಎಂದು ನಿಬಂಧ ಬರೆಸಿದ್ದರು. ಇವಳದಕ್ಕೆ ಮೊದಲ ಬಹುಮಾನ. ಸಂಕ್ರಮಣದ ಮುಂದೆ ಪಾಲಕರ ಸಭೆ ಕರೆದು ಎಲ್ಲರೆದುರು ಓದಿಸಿದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಮೆಚ್ಚಿನ ದಿನ ಅಂದರೆ ಕಾಕಾನ ಬಾವಿಗೆ ಹೋಗುವ ದಿನ. ಎರಡು ಪುಟ ಇತ್ತು. ಕಾಕಾ ಇದ್ದ, ಹುಚ್ಚವ್ವ ಇದ್ದಳು, ಅವರ ಆಡು ಕೂಡ ಇತ್ತು. ನಾನು ಇರಲಿಲ್ಲ. ಪಕ್ಕದವರು ನನ್ನ ತೊಡೆ ತಟ್ಟಿ, “ಭಾಳ ಚಲೋ ಬರದಾಳ್ರಿ ಶ್ರೀಶೈಲಪ್ಪನವರ” ಅಂದರು. ಹೌದ್ರಿ ಅಂದೆ.

ಜನವರಿ ಇಪ್ಪತ್ತೈದರ ಸಂಜೆ ಎಲ್ಲರನ್ನೂ ಕರೆದು ಹೇಳಿದೆ: ನಾಳೆ ರಜೆ ಇಲ್ಲ, ಪುಣೆಯಿಂದ ಅರ್ಜೆಂಟ್ ಲಾರಿ ಬರುತ್ತದೆ, ಬದಲಿ ರಜೆ ಮುಂದೆ ನೋಡೋಣ. ಅಮಸಿದ್ದ ಹಿಂದೆ ಉಳಿದುಕೊಂಡ. “ಸಾಹುಕಾರ್ರ, ನಾಳೆ ಕ್ಯಾನ್ ಬಿಚ್ಚಿ ಈಸಾಕ ಬಿಡ್ತೇನಿ ಅಂತ ವಿದ್ಯವ್ವಾರಿಗೆ ಮಾತ ಕೊಟ್ಟೇನ್ರಿ” ಅಂದ. “ಮಾತ ಕೊಡೂಕಿಂತ ಮೊದಲ ನನ್ನ ಕೇಳಬೇಕಿತ್ತು” ಅಂದೆ. ಆತ ತಲೆ ಅಲ್ಲಾಡಿಸಿ ಹೋದ. ಮನೆಗೆ ಹೋಗಿ ಮಗಳಿಗೂ ಹೇಳಿದೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಧ್ವಜಾರೋಹಣ ಮುಗಿಸಿ ಅವಳು ಮನೆಗೆ ಬರಲಿಲ್ಲ. ಮಧ್ಯಾಹ್ನ ಹನ್ನೆರಡಾಯಿತು, ಒಂದಾಯಿತು. ಗೆಳತಿಯರ ಮನೆಗಳಲ್ಲಿ ಇಲ್ಲ, ಬಸ್ ಸ್ಟ್ಯಾಂಡಿನಲ್ಲಿ ಇಲ್ಲ. ಅವರವ್ವ ಮಿಲ್ಲಿಗೆ ಓಡಿಬಂದಳು. ಸುದ್ದಿ ಕೇಳಿದವನೇ ಅಮಸಿದ್ದ ಯಂತ್ರ ನಿಲ್ಲಿಸಿದ. ನನ್ನನ್ನು ಕೇಳಲಿಲ್ಲ. ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತು, “ಬಾವೀಗಿ ನಡೀರಿ” ಅಂದ.

ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹುಚ್ಚವ್ವ ಅಂದು ಸಂತೆಗೆ ಹೋಗಿದ್ದಳು. ಮೇಲಿನ ಮೆಟ್ಟಿಲ ಸಂದಿಯಲ್ಲಿ ಒಂದು ಕಾಗದದ ಬಾವುಟ ಸಿಕ್ಕಿಸಿತ್ತು, ಸಾಲಿಯಲ್ಲಿ ಮಕ್ಕಳಿಗೆ ಹಂಚುವಂಥದು. ಅದನ್ನು ನೋಡಿ ಅವಳು ಇಲ್ಲಿಗೆ ಬಂದಿದ್ದಳೆಂದು ತಿಳಿಯಿತು. ಅಮಸಿದ್ದ ಬಟ್ಟೆ ಸಮೇತ ಹಾರಿದ. ಮುಳುಗಿದ, ಎದ್ದ, ಮುಳುಗಿದ, ಎದ್ದ. ಏಳೆಂಟು ಸಲ. ಪ್ರತಿ ಸಲ ಮೇಲೆ ಬಂದಾಗ ಕೈ ಖಾಲಿ ಇರುತ್ತಿತ್ತು. ಕಡೆಗೆ ಕಲ್ಲು ಹಿಡಿದುಕೊಂಡು, “ವಿದ್ಯವ್ವಾ” ಎಂದು ನೀರಿಗೆ ಕೂಗುತ್ತ ಅತ್ತ.

ಸಭಿಕರೇ, ಆಗ ನನಗೆ ಏನೆನಿಸಿತು ಗೊತ್ತೇ? ಮಗಳು ನನ್ನವಳು, ಅಳುವುದು ಇವನು ಯಾಕೆ ಅನಿಸಿತು. ನನಗಿಂತ ಹೆಚ್ಚು ಅಳಲು ಇವನಾರು ಅನಿಸಿತು. ಮಗಳು ನೀರಿನ ತಳದಲ್ಲಿದ್ದಾಳೆ ಎಂದು ನಂಬಿದ್ದ ಹೊತ್ತಿನಲ್ಲೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಂದದ್ದು ಬಂತು.

ಆಗ ಜೇಬಿನ ಮೊಬೈಲು ರಿಂಗಾಯಿತು. ಝಳಕಿಯಿಂದ ನಮ್ಮ ಅತ್ತೆ ಗುರವ್ವನವರು. “ನಿನ್ನ ಮಗಳು ಒಬ್ಬಾಕೀನ ಟೆಂಪೋ ಹತ್ತಿ ಬಂದಾಳಪಾ. ಉಂಡು ಮಲಗ್ಯಾಳ. ಏನ್ ಮಾಡೀರಿ ಕೂಸಿಗೆ?” ಬಾವಿಯ ಹತ್ತಿರ ಬಹಳ ಹೊತ್ತು ಕಾದು, ಕಾಕಾ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಸಿಟ್ಟಿನಿಂದ ಹೋಗಿದ್ದಳು. ನಾನು ಮೇಲಿನಿಂದಲೇ ಕೂಗಿ ಹೇಳಿದೆ. ಅಮಸಿದ್ದ ಮೆಟ್ಟಿಲು ಹತ್ತಿ ಬಂದು ಅಂಗಿ ಹಿಂಡಿಕೊಂಡ. ಆಮೇಲೆ, “ನಡೀರಿ ಸಾಹುಕಾರ್ರ, ಲಾರಿ ಬರೂ ಹೊತ್ತಾತು” ಅಂದ.

ಲಾರಿ ಬರುವುದಿರಲಿಲ್ಲ.

ಪುಣೆಯವರು ಯಾವ ಆರ್ಡರನ್ನೂ ಕೊಟ್ಟಿರಲಿಲ್ಲ. ಅಂದು ಸಂಜೆಯವರೆಗೆ ಹದಿನಾರು ಮಂದಿ ಚೀಲ ಹೊಲಿದು ಗೇಟಿನ ಬಳಿ ಒಟ್ಟಿ, ರಸ್ತೆ ನೋಡುತ್ತ ಕೂತಿದ್ದಿರಿ. ರಿಪೇರಿಗೆ ನಿಂತಿರಬೇಕು ಎಂದು ನಿಮಗೆ ಹೇಳಿದೆ. ಒಬ್ಬ ಮನುಷ್ಯನ ರಜೆ ಕಸಿಯಲು ಹದಿನಾರು ಜನರ ರಜೆ ಕಸಿದೆ. ಬದಲಿ ರಜೆಯನ್ನೂ ಕೊಡಲಿಲ್ಲ. ಹದಿನೈದು ವರ್ಷವಾಯಿತು. ಅಮಸಿದ್ದ, ನೀನು ಈಗ ತಲೆ ಬಗ್ಗಿಸಿ ನಗುತ್ತಿರುವುದನ್ನು ನೋಡಿದರೆ ನಿನಗೆ ಅಂದೇ ಗೊತ್ತಿತ್ತು ಅನಿಸುತ್ತದೆ. ಗೊತ್ತಿದ್ದೂ ಮರುದಿನ ಏಳಕ್ಕೆ ಬಂದು ಯಂತ್ರ ಹಚ್ಚಿದಿ.

ಯುಗಾದಿಗೆ ಮಗಳನ್ನು ನಾನೇ ಬಾವಿಗೆ ಕರೆದುಕೊಂಡು ಹೋದೆ. ಅಮಸಿದ್ದ ಕ್ಯಾನು ಬಿಚ್ಚಿದ. ಅವಳು ಮುಳುಗಿದಳು, ಎದ್ದಳು. ಕಣ್ಣು ಒರೆಸಿಕೊಂಡು ಮೊದಲು ಯಾರ ಕಡೆ ನೋಡುತ್ತಾಳೆ ಎಂದು ಕಾದೆ. ಅವನ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ಅಷ್ಟಕ್ಕೆ ತೃಪ್ತಿಪಡಲು ಕಲಿಯುತ್ತಿದ್ದೇನೆ, ಇನ್ನೂ ಪೂರ್ತಿ ಬಂದಿಲ್ಲ. ಈಗಷ್ಟೇ ಶಾಲು ಹೊದಿಸುವಾಗ ಅವಳು ಬಗ್ಗಿ ಅವನ ಕಾಲು ಮುಟ್ಟಿದ್ದನ್ನು ನೀವು ನೋಡಿದಿರಿ. ನಾನೂ ನೋಡಿದೆ.

ಅಂದಿನ ಹದಿನಾರು ಜನರಲ್ಲಿ ಏಳು ಮಂದಿ ಇವತ್ತು ಈ ಸಭೆಯಲ್ಲಿದ್ದೀರಿ. ಮೋದಿನಸಾಬ, ಮರೆವ್ವ, ನಿಮ್ಮ ಮುಖ ನನಗೆ ಕಾಣುತ್ತಿದೆ. ತಪ್ಪು ನನ್ನದು. ನಾಳೆ ಮಿಲ್ಲು ಬಂದ್ ಇರುತ್ತದೆ, ಪಗಾರ ಇರುತ್ತದೆ. ನಾಳೆ ಯಾವ ಹಬ್ಬವೂ ಇಲ್ಲ, ಯಾರ ಜಯಂತಿಯೂ ಇಲ್ಲ. ಪಟ್ಟಿಯಲ್ಲಿ ಇಲ್ಲವೆಂದು ಯಜಮಾನಿ ನನ್ನನ್ನು ದಿಟ್ಟಿಸುತ್ತಿದ್ದಾಳೆ. ಅವಳಿಗೆ ಮನೆಯಲ್ಲಿ ಹೇಳಿಕೊಳ್ಳುತ್ತೇನೆ.

ನನ್ನ ಹತ್ತು ನಿಮಿಷ ಮುಗಿದು ಬಹಳ ಹೊತ್ತಾಯಿತು. ತಡೆಯದೆ ಕೇಳಿದ ಅಧ್ಯಕ್ಷರಿಗೆ, ನನ್ನ ಮಗಳಿಗೆ ರೊಟ್ಟಿ ತಿನ್ನಿಸಿದ ಹುಚ್ಚವ್ವನಿಗೆ, ನಿಮ್ಮೆಲ್ಲರಿಗೆ ಋಣಿ. ಅಮಸಿದ್ದ ಅವರೇ, ನಿಮಗೆ ನಮಸ್ಕಾರ.