ಹಾರ್ಡ್ ಡಿಸ್ಕ್‌ನಲ್ಲಿದ್ದ ಸೋಬಾನೆ

ಹುಣಸೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಂತರಸಂತೆಯ ಸಣ್ಣಬೀರಯ್ಯ, ಅವರ ಹೆಂಡತಿ ಸೋಮಮ್ಮ ಕುಳಿತಿದ್ದರು. ಕಂಪ್ಯೂಟರ್ ರಿಪೇರಿಯ ಖಲೀಲ್ ಅವರನ್ನು ಬಸ್ಸು ಹತ್ತಿಸಲು ಬಂದಿದ್ದ.

"ಮಗಳ ಕಂಪ್ಯೂಟ್ರು ಸತ್ತೋಗದೆ, ಎಸೀರಿ ಅಂದ್ಬುಟ್ಟಿದ್ರು ಕಣಪ್ಪ, ಇನ್ನೊಂದ್ ಅಂಗ್ಡೀಲಿ," ಅಂದರು ಸಣ್ಣಬೀರಯ್ಯ ಖಲೀಲ್‌ಗೆ.

"ಕೆಟ್ಟಿದ್ದು ಮದರ್‌ಬೋರ್ಡು ಯಜಮಾನ್ರೇ. ಒಳಗಿರೋ ಭಾಗಗಳನ್ನೆಲ್ಲ ಒಂದಕ್ಕೊಂದು ಸೇರಿಸೋ ಹಲಗೆ ಅದು."

"ಮತ್ತೆ ಮಗಳು ಅದ್ರಲ್ಲಿ ತುಂಬಿಟ್ಟಿದ್ದ ಇವಳ ಪದಗಳು?"

"ಅವು ಇದ್ದಿದ್ದು ಹಾರ್ಡ್ ಡಿಸ್ಕ್‌ನಲ್ಲಿ. ಕರೆಂಟ್ ಹೋದ್ರೂ ಅದರಲ್ಲಿ ಇಟ್ಟಿದ್ದು ಅಳಿಸೋಗಲ್ಲ. ಅದನ್ನ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಾಕಿದೆ. ನಲವತ್ತೊಂದು ಸೋಬಾನೆ ಪದ, ಒಂದೂ ಹೋಗಿಲ್ಲ. ಎಲ್ಲ ಈ ಪೆನ್‌ಡ್ರೈವ್‌ಗೆ ತುಂಬಿದೀನಿ."

"ಗಂಟ್ಲು ಆಪರೇಸನ್ ಆದ್ಮೇಲೆ ಇವಳಿಗೆ ದನಿ ಇಲ್ಲ ಕಣಪ್ಪ. ಊರೋರ ಮದ್ವೇಲೆಲ್ಲ ಹಾಡ್ದೋಳು. ಭಾನ್ವಾರ ಮೊಮ್ಮಗಳ ಮದ್ವೆ, ಅದ್ರಲ್ಲಿ ಹಾಡಕಾಗಕಿಲ್ವಲ್ಲ ಅಂತ ಊಟ ಬುಟ್ಟು ಕೂತಿದ್ಲು."

"ಇನ್ನು ಊಟ ಮಾಡ್ಲಿ. ಹಾಡು ಸರಿಯಾಗಿ ಬರ್ತವಾ ಅಂತ ನೋಡಕ್ಕೆ ಹಾಕಿದ್ದೆ, ನಮ್ಮ ಅಮ್ಮಿ ಅಂಗಡೀಲೇ ಕೂತು ಪೂರಾ ಕೇಳಿದ್ರು."

ಸೋಮಮ್ಮ ಅವನ ತೋಳು ಹಿಡಿದು ಪಿಸುಗುಟ್ಟಿದರು. "ಯಾವ್ದು ಇಷ್ಟ ಆಯ್ತಪ್ಪ ಅವ್ರಿಗೆ?"

"ಹೆಣ್ಣು ಒಪ್ಪಿಸೋ ಪದ. ಎರಡು ಸಲ ಹಾಕಿಸ್ಕೊಂಡ್ರು. ನಮ್ಮಕ್ಕನ ನಿಕಾ ನೆನಪಾಯ್ತಂತೆ, ಅತ್ತುಬಿಟ್ರು."

ಸೋಮಮ್ಮ ಅವನ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಎಚ್.ಡಿ. ಕೋಟೆ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ಅವರು ಏನೋ ಅಂದರು, ಇಂಜಿನ್ ಸದ್ದಿನಲ್ಲಿ ಕೆಳಗಿದ್ದ ನಮಗೆ ಕೇಳಲಿಲ್ಲ.

"ಏನಂದ್ರು ಯಜಮಾನ್ರೇ?"

"ನಿಮ್ಮ ಅಮ್ಮೀನೂ ಕರ್ಕೊಂಡ್ ಬರ್ಬೇಕಂತೆ, ಮದ್ವೆಗೆ."

"ಕರ್ಕೊಂಡೇ ಬತ್ತೀನಿ."

ಬಸ್ಸು ಹೊರಟಿತು.