ತಟ್ಟೆಯಲ್ಲಿ ಆರುತ್ತಿದ್ದ ನಾಲಿಗೆ

ಭಾನುವಾರ ಮಧ್ಯಾಹ್ನ. ಪ್ಯೂಬ್ಲಾ ಊರಿನ ನಮ್ಮ ಬೀದಿಯ ಟೋರ್ಟಿಯಾ ರೊಟ್ಟಿ ಅಂಗಡಿಯ ಸಾಲು ಮುಂದೆ ಸರಿಯುತ್ತಲೇ ಇರಲಿಲ್ಲ. ನನ್ನ ಮುಂದೆ ಅಂಪಾರೊ ಮತ್ತು ಅವಳ ತಮ್ಮನ ಹೆಂಡತಿ ನೆರೈದಾ. ನೆರೈದಾ ನಿಂತಲ್ಲಿ ನಿಲ್ಲದೆ ನನ್ನ ಕಾಲನ್ನೇ ತುಳಿಯುತ್ತಿದ್ದಳು.

"ನಾಲಿಗೆ ಬೆಂತಾ?" ಅಂಪಾರೊ ಕೇಳಿದಳು.

"ಬೆಂತು ಅಕ್ಕ. ಈರುಳ್ಳಿ, ಬೆಳ್ಳುಳ್ಳಿ, ಪಲಾವ್ ಎಲೆ, ಎಲ್ಲಾ ಅತ್ತೆ ಹಾಕ್ತಿದ್ದ ಹಾಗೇ."

"ಸಿಪ್ಪೆ ಸುಲಿದ್ಯಾ?"

"ಇಲ್ಲ, ಕೈ ಸುಡ್ತಿತ್ತು. ತಟ್ಟೇಲಿ ಆರಕ್ಕಿಟ್ಟು ಬಂದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಆರಿದ್ರೆ ಸಿಪ್ಪೆ ಬಿಡಲ್ಲ ಕಣೇ. ದನದ ನಾಲಿಗೆ ಅದು, ಬಾಳೆಹಣ್ಣಲ್ಲ!"

"ಮೊದ್ಲೇ ಹೇಳ್ಬಾರ್ದಿತ್ತಾ? ಅತ್ತೆ ಹೋದ್ಮೇಲೆ ಮಾವ ಎಲ್ಲರ ಜೊತೆ ಊಟಕ್ಕೆ ಕೂರ್ತೀನಿ ಅಂದಿದ್ದು ಇವತ್ತೇ ಮೊದ್ಲು."

"ಅಮ್ಮ ಅದು ಹಬೆಯಾಡ್ತಿರೋವಾಗ್ಲೇ ಸುಲೀತಿದ್ಲು. ಎಂಥಾ ಕೈ ಅವಳದ್ದು!"

"ನೀನು ನೋಡಿದ್ದೀಯಾ?"

"ಎಲ್ಲಿಂದ ನೋಡ್ಲಿ? ಭಾನುವಾರ ಅಪ್ಪನ್ನ ಬಿಟ್ಟು ಯಾರನ್ನೂ ಅಡುಗೆಮನೆ ಒಳಗೆ ಬಿಡ್ತಿರ್ಲಿಲ್ಲ. ಫೋನ್ ಮಾಡು, ನಾಲಿಗೆನ ಮತ್ತೆ ಬಿಸಿನೀರಿಗೆ ಹಾಕಕ್ಕೆ ಹೇಳು."

ನೆರೈದಾ ಫೋನ್ ಕಿವಿಗಿಟ್ಟಳು.

"ಮಾವ, ಆ ನಾಲಿಗೆನ... ಏನು? ನೀವೇ ಸುಲೀತಿದ್ದೀರಾ? ಕೈ ಸುಡ್ತಿಲ್ವಾ?"

ಆ ಕಡೆಯ ಮಾತು ಮುಗಿದ ಮೇಲೆ ಫೋನ್ ಕೆಳಗಿಳಿಸಿದಳು.

"ಏನಂತೆ?"

"ಮದುವೆ ಆದಾಗಿಂದ ಸುಲೀತಿದ್ದಿದ್ದು ಮಾವನೇ ಅಂತೆ. ಅತ್ತೆ ಪಕ್ಕದಲ್ಲಿ ನಿಂತು ಬೈತಿದ್ರಂತೆ, ಅಷ್ಟೇ. ಇವತ್ತು ಬೈಯೋರೇ ಇಲ್ಲ, ಅರ್ಧ ಸುಲಿದ್ಮೇಲೆ ಯಾಕೋ ಕೈ ಓಡ್ತಿಲ್ಲ ಅಂತಿದ್ದಾರೆ."

ಅಂಪಾರೊ ಅವಳ ಕೈಯಿಂದ ಟೋರ್ಟಿಯಾ ಸುತ್ತುವ ಬಟ್ಟೆಯನ್ನು ಕಿತ್ತುಕೊಂಡಳು.

"ನಾನು ತರ್ತೀನಿ, ನೀನು ಓಡು. ಹೋಗಿ ಬಾಯ್ತುಂಬ ಬೈ."